ಲೇಸಿನ ಬೆಲೆ

ಡಿಸೆಂಬರ್ ತಿಂಗಳು ಬಂತೆಂದರೆ ಕ್ರಿಸ್‌ಮಸ್ ಮರವನ್ನು ಸಿಂಗರಿಸುವ ಸಂಭ್ರಮ. ಗಾಜಿನ ಗುಂಡು, ಜರಿಯ ಹಾರ, ಬಣ್ಣದ ದೀಪಗಳ ನಡುವೆ ಕೆಲವು ಮನೆಗಳಲ್ಲಿ ಬಿಳಿಯ ನೂಲಿನ ಪುಟ್ಟ ನಕ್ಷತ್ರವೊಂದು ತೂಗುತ್ತಿರುವುದುಂಟು. ಅದು ಮಿರುಗುವುದಿಲ್ಲ, ಕೆಳಗೆ ಬಿದ್ದರೆ ಒಡೆಯುವುದೂ ಇಲ್ಲ. ಕ್ರೋಶಾ ಕಡ್ಡಿಯಿಂದ ಹೆಣೆದ ಆ ನಕ್ಷತ್ರದ ಬೆಲೆಯನ್ನು ಕುರಿತು ಈ ವಾರ ನಾಲ್ಕು ಮಾತು.

ಕ್ರಿಸ್‌ಮಸ್ಸಿಗೆ ಮರವನ್ನು ಅಲಂಕರಿಸುವ ಪದ್ಧತಿ ಮೂಲತಃ ಜರ್ಮನಿಯದು. 1848ರಲ್ಲಿ ಲಂಡನ್ನಿನ ಸಚಿತ್ರ ವಾರಪತ್ರಿಕೆಯೊಂದು, ವಿಕ್ಟೋರಿಯಾ ರಾಣಿಯೂ ಜರ್ಮನಿಯಲ್ಲಿ ಹುಟ್ಟಿದ ಆಕೆಯ ಪತಿ ಆಲ್ಬರ್ಟನೂ ಮಕ್ಕಳೊಡನೆ ಅಂಥ ಮರದ ಸುತ್ತ ನಿಂತಿರುವ ಚಿತ್ರವನ್ನು ಅಚ್ಚುಹಾಕಿತು. ಅರಮನೆಯ ಮರವು ಮಧ್ಯಮ ವರ್ಗದವರ ನಡುಮನೆಗೆ ಇಳಿದು ಬರುವುದಕ್ಕೆ ಆ ಚಿತ್ರ ಬಹುಮಟ್ಟಿಗೆ ಕಾರಣವಾಯಿತು. ಜರ್ಮನಿಯ ಲೌಶಾ ಎಂಬ ಊರಿನ ಗಾಜುಗಾರರು ಊದಿದ ಗುಂಡುಗಳು ಶತಮಾನದ ಕೊನೆಯ ವೇಳೆಗೆ ಅಮೆರಿಕದ ಅಂಗಡಿಗಳನ್ನೂ ಸೇರಿದವು. ಇದು ಕೊಳ್ಳುವ ತೊಡವಿನ ಕಥೆ. ಮನೆಯಲ್ಲೇ ಮಾಡುವ ತೊಡವಿಗೆ ಬೇಕಾದುದು ಒಂದು ಕಡ್ಡಿ, ಒಂದು ಉಂಡೆ ನೂಲು, ಒಂದಿಷ್ಟು ತಾಳ್ಮೆ.

‘ಕ್ರೋಶಾ’ ಎಂಬುದು ಫ್ರೆಂಚ್ ಮಾತು. ಅದರ ಅರ್ಥ ಪುಟ್ಟ ಕೊಕ್ಕೆ ಎಂದು. ನೂಲನ್ನು ಕೊಕ್ಕೆಗೆ ಸಿಕ್ಕಿಸಿ ಒಂದು ಕುಣಿಕೆಯೊಳಗಿಂದ ಮತ್ತೊಂದು ಕುಣಿಕೆಯನ್ನು ಎಳೆಯುವುದೇ ಇಲ್ಲಿನ ವಿದ್ಯೆಯೆಲ್ಲ. ಆರು ಕುಣಿಕೆಗಳ ಸರಪಣಿಯ ತುದಿಗಳನ್ನು ಕೂಡಿಸಿದರೆ ಉಂಗುರವಾಗುತ್ತದೆ. ಅದರ ಸುತ್ತ ಆರು ಪಾಲು ಮಾಡಿಕೊಂಡು ಸುತ್ತಿನ ಮೇಲೆ ಸುತ್ತು ಬೆಳೆಸುತ್ತ ಹೋದರೆ ಆರು ತುದಿಗಳ ಹಿಮದ ಹರಳು ಅಂಗೈಯಲ್ಲಿ ಅರಳುತ್ತದೆ. ಚುಕ್ಕಿ ಎಣಿಸಿ ರಂಗೋಲಿ ಇಡಬಲ್ಲ ನಮ್ಮ ಹೆಣ್ಣುಮಕ್ಕಳಿಗೆ ಈ ಲೆಕ್ಕ ಹೊಸದೆನಿಸದು.

ಆರೇ ಏಕೆ? 1611ರಲ್ಲಿ ಖಗೋಳಜ್ಞ ಕೆಪ್ಲರ್ ಇದೇ ಪ್ರಶ್ನೆಯನ್ನು ಕುರಿತು ಕಿರುಹೊತ್ತಗೆಯೊಂದನ್ನು ಬರೆದು ಮಿತ್ರನಿಗೆ ಹೊಸ ವರ್ಷದ ಉಡುಗೊರೆಯಾಗಿ ಕೊಟ್ಟನು. ನೀರು ಹೆಪ್ಪುಗಟ್ಟುವಾಗ ಅದರ ಅಣುಗಳು ಆರು ಮೂಲೆಯ ಜೋಡಣೆಯಲ್ಲಿ ನಿಲ್ಲುತ್ತವೆ ಎಂಬುದು ಮುಂದಿನ ವಿಜ್ಞಾನಿಗಳು ಕಂಡುಕೊಂಡ ಉತ್ತರ. 1885ರಲ್ಲಿ ಅಮೆರಿಕದ ಬೆಂಟ್ಲಿ ಎಂಬ ರೈತ ಹಿಮದ ಹರಳೊಂದನ್ನು ಸೂಕ್ಷ್ಮದರ್ಶಕದ ಮೂಲಕ ಛಾಯಾಚಿತ್ರದಲ್ಲಿ ಹಿಡಿದನು. ಜೀವಮಾನದಲ್ಲಿ ಆತ ತೆಗೆದ ಇಂಥ ಚಿತ್ರಗಳು 5000ಕ್ಕೂ ಹೆಚ್ಚು. ಹಿಮವನ್ನೇ ಕಾಣದ ಊರಿನಲ್ಲಿ ಕುಳಿತು ಹೆಣೆಯುವವರೂ ಎಣಿಕೆಯಲ್ಲಿ ತಪ್ಪದಿದ್ದರೆ ಅದೇ ಹರಳಿನ ಅಚ್ಚನ್ನು ನೂಲಿನಲ್ಲಿ ಪಡೆಯಬಹುದು.

ಹೆಣೆದು ಮುಗಿಸಿದಾಗ ನಕ್ಷತ್ರ ಬಾಡಿದ ಹೂವಿನಂತೆ ಜೋಲುತ್ತಿರುತ್ತದೆ. ಅದು ನೆಟ್ಟಗೆ ನಿಲ್ಲಬೇಕಾದರೆ ಗಂಜಿಯಲ್ಲಿ ಅದ್ದಿ, ಹಲಗೆಯ ಮೇಲೆ ಆರು ತುದಿಗಳನ್ನೂ ಗುಂಡುಸೂಜಿಯಿಂದ ಎಳೆದು ನಿಲ್ಲಿಸಿ ಒಣಗಿಸಬೇಕು. ಪಶ್ಚಿಮ ದೇಶಗಳಲ್ಲಿ ಸಕ್ಕರೆಯ ಪಾಕದಲ್ಲಿ ಅದ್ದುವ ರೂಢಿಯೂ ಉಂಟು. ನಮ್ಮಲ್ಲಿ ಹಾಗೆ ಮಾಡಿದರೆ ಹಬ್ಬಕ್ಕೆ ಮೊದಲು ಬರುವ ಅತಿಥಿಗಳು ಇರುವೆಗಳೇ ಆದಾವು. ಸೀರೆಗೆ ಹಾಕುವ ಗಂಜಿಯೇ ಸಾಕು. ನಮ್ಮ ನಾಡಿನಲ್ಲಿ ಕ್ರಿಸ್‌ಮಸ್ ಮರಕ್ಕೆಂದು ಸರ್ವೆಯ ಕೊಂಬೆಯನ್ನು ನೆಡುವುದುಂಟು. ಅದರ ತೆಳ್ಳನೆಯ ರೆಂಬೆಗಳು ಗಾಜಿನ ಗುಂಡಿಗೆ ಬಾಗಿಯಾವು. ನೂಲಿನ ನಕ್ಷತ್ರವಾದರೋ ಹೂವಿನಷ್ಟೇ ಹಗುರ.

ಇನ್ನು ಬೆಲೆಯ ಮಾತು. ಕಡ್ಡಿಗಳಿಂದ ಹೆಣೆಯುವ ಕೆಲಸಕ್ಕೆ ಇಂಗ್ಲೆಂಡಿನಲ್ಲಿ 1589ರಷ್ಟು ಹಿಂದೆಯೇ ಯಂತ್ರ ಬಂದಿತು. ಲೇಸಿನ ಜಾಲರಿಗೆ 1808–09ರಲ್ಲಿ ಹೀತ್‌ಕೋಟ್ ಎಂಬಾತ ಯಂತ್ರವನ್ನು ನಿರ್ಮಿಸಿದನು. ಕ್ರೋಶಾ ಮಾತ್ರ ಗಿರಣಿಯ ಕೈಗೆ ಸಿಕ್ಕಲಿಲ್ಲ. ಪ್ರಯೋಗಶಾಲೆಗಳಲ್ಲಿ ಯತ್ನಗಳೇನೋ ನಡೆದಿವೆ. ನೋಟಕ್ಕೆ ಹತ್ತಿರವಾದ ಯಂತ್ರದ ಹೆಣಿಗೆಗಳೂ ಅಂಗಡಿಯಲ್ಲಿವೆ. ಆದರೆ ನಿಜವಾದ ಕ್ರೋಶಾ ಎಂದು ಮಾರಾಟವಾಗುವುದು ಇಂದಿಗೂ ಕೈಕೆಲಸವೇ. ಅಂಗೈಯಗಲದ ನಕ್ಷತ್ರಕ್ಕೆ ಪಳಗಿದ ಕೈಗೂ ಅರ್ಧ ಗಂಟೆ, ಒಂದು ಗಂಟೆ ಹಿಡಿಯುತ್ತದೆ. ಹೀಗಿರುವಾಗ ಡಜನ್ ನಕ್ಷತ್ರಗಳ ಪೊಟ್ಟಣವು ತೀರ ಅಗ್ಗಕ್ಕೆ ದೊರೆತರೆ, ಆ ಅಗ್ಗದ ಭಾರವನ್ನು ಯಾರು ಹೊತ್ತರು ಎಂದು ಕೇಳಬೇಕಲ್ಲವೆ?

ಯಂತ್ರಕ್ಕೆ ಸಿಕ್ಕದ ಈ ವಿದ್ಯೆ ಬಡವರ ಕೈಹಿಡಿದುದೂ ಉಂಟು. 1845ರಿಂದ ಐರ್ಲೆಂಡನ್ನು ಹಿಂಡಿದ ಆಲೂಗಡ್ಡೆಯ ಕ್ಷಾಮದಲ್ಲಿ ಹತ್ತು ಲಕ್ಷದಷ್ಟು ಜನ ಸತ್ತರು. 1847ರಲ್ಲಿ ಕ್ಲೋನ್ಸ್ ಎಂಬ ಊರಿನಲ್ಲಿ ಪಾದ್ರಿಯ ಪತ್ನಿ ಕಸಾಂಡ್ರಾ ಹ್ಯಾಂಡ್ ಅಲ್ಲಿನ ಹೆಂಗಸರ ನಡುವೆ ಕ್ರೋಶಾ ಲೇಸಿನ ಉದ್ಯಮವನ್ನು ಆರಂಭಿಸಿದರು. ವೆನಿಸಿನ ಸೂಜಿ ಲೇಸನ್ನು ಹೋಲುವ ಕೆಲಸ ಕೊಕ್ಕೆಯಿಂದ ಬೇಗ ಸಾಗುತ್ತಿತ್ತು. ಹೊಲ ಕೈಬಿಟ್ಟ ಮನೆಗಳಲ್ಲಿ ಒಲೆ ಉರಿದದ್ದು ಆ ನೂಲಿನಿಂದ.

ನಮ್ಮ ನೆರೆಯ ಆಂಧ್ರದ ಗೋದಾವರಿ ತೀರದಲ್ಲಿರುವ ನರಸಾಪುರದ ಕಥೆ ಇದಕ್ಕೆ ಸಮೀಪದ್ದೇ. ಸ್ಕಾಟ್ಲೆಂಡಿನ ಮಿಷನರಿ ದಂಪತಿಗಳು 1844ರ ಸುಮಾರಿಗೆ ಅಲ್ಲಿನ ಹೆಂಗಸರಿಗೆ ಲೇಸಿನ ಕೆಲಸವನ್ನು ಕಲಿಸಿದರೆಂದು ಹೇಳುತ್ತಾರೆ. ಅಲ್ಲಿನ ಮನೆಗಳಲ್ಲಿ ಹೆಣೆದುದು ಹೊರದೇಶಗಳ ಮೇಜುಗಳನ್ನು ಅಲಂಕರಿಸಿದೆ. 1970ರ ದಶಕದ ಕೊನೆಯಲ್ಲಿ ಮರಿಯಾ ಮೀಸ್ ಎಂಬ ಜರ್ಮನ್ ವಿದುಷಿ ಆ ಹೆಂಗಸರ ಬಾಳನ್ನು ಅಭ್ಯಸಿಸಿ 1982ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅವರು ಕಂಡದ್ದು ಇಷ್ಟು: ಹೆಂಗಸರು ಮನೆಗೆಲಸದ ಮೇಲೆ ದಿನಕ್ಕೆ ಹಲವು ಗಂಟೆ ಹೆಣೆಯುತ್ತಿದ್ದರು. ಆದರೂ ಅವರು ಬರಿಯ ‘ಗೃಹಿಣಿಯರು’. ಅವರ ದುಡಿಮೆ ಬಿಡುವಿನ ಹೊತ್ತಿನ ಕೆಲಸ. ಆ ಹೆಸರಿನ ಮರೆಯಲ್ಲಿ ಕೂಲಿ ಅತ್ಯಲ್ಪವಾಗಿಯೇ ಉಳಿಯಿತು. ಲಾಭ ವ್ಯಾಪಾರಿಗಳ ಪಾಲಾಯಿತು. 2024ರಲ್ಲಿ ನರಸಾಪುರದ ಕ್ರೋಶಾ ಲೇಸಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಊರಿನ ಹೆಸರಿಗೆ ಬಂದ ಈ ಗೌರವ ಹೆಣೆಯುವ ಕೈಗಳಿಗೂ ತಲಪಲಿ ಎಂದು ಹಾರೈಸೋಣ.

‘ಬಿಡುವಿನ ಹೊತ್ತಿನ ಕೆಲಸ’ ಎಂಬ ಮಾತು ನಮ್ಮ ಮನೆಗಳಿಗೂ ಅಪರಿಚಿತವಲ್ಲ. ರೇಡಿಯೋವಿಗೆ ಹೊದಿಸಿದ ಮುಸುಕು, ಬಾಗಿಲಿಗೆ ಕಟ್ಟಿದ ತೋರಣ, ರವಕೆಯ ತೋಳಿನ ಅಂಚು ಇವೆಲ್ಲ ಹುಟ್ಟಿದ್ದು ಅಂಥ ಹೊತ್ತಿನಲ್ಲಿಯೇ. ಅಡಿಗೆಮನೆಯ ದೀಪ ಆರಿದ ಮೇಲೆ ತಾಯಂದಿರಿಗೆ ದೊರೆತ ಆ ಅರ್ಧ ಗಂಟೆಯನ್ನು ಬಿಡುವೆಂದು ಕರೆದವರು ನಾವೇ. ಅದಕ್ಕೆ ಬೆಲೆ ಕೇಳಿದವರೂ ಇಲ್ಲ, ಕೊಟ್ಟವರೂ ಇಲ್ಲ.

ಕನ್ನಡದಲ್ಲಿ ಲೇಸು ಎಂದರೆ ಒಳ್ಳೆಯದು. ಬೇರೆ ಮೂಲದಿಂದ ಬಂದ ಮಾತು ನಮ್ಮ ಹಳೆಯ ನುಡಿಯೊಡನೆ ಬೆರೆತದ್ದು ಆಕಸ್ಮಿಕವೇ ಆದರೂ ಸೊಗಸಾದ ಆಕಸ್ಮಿಕ. ಹಬ್ಬ ಯಾರದೇ ಆಗಲಿ, ಈ ಡಿಸೆಂಬರಿನಲ್ಲಿ ಮನೆಯವರೆಲ್ಲ, ಗಂಡಸರೂ ಕೂಡ, ಒಂದೊಂದು ನಕ್ಷತ್ರವನ್ನು ಹೆಣೆದು ನೋಡಬೇಕು. ಮೂರನೆಯ ಸುತ್ತಿಗೆ ಬರುವಷ್ಟರಲ್ಲಿ ಕುತ್ತಿಗೆ ನೋಯುತ್ತದೆ, ಎಣಿಕೆ ತಪ್ಪುತ್ತದೆ, ಬಿಚ್ಚಿ ಮತ್ತೆ ತೊಡಗಬೇಕಾಗುತ್ತದೆ. ಆಮೇಲೆ ನೆರೆಮನೆಯ ಕ್ರೈಸ್ತ ಗೆಳೆಯರಿಗೆ ಅದನ್ನು ಕೊಟ್ಟು ಬನ್ನಿ. ಮುಂದೆ ಸಂತೆಯಲ್ಲಿ ಕೈಹೆಣಿಗೆಯ ತೊಡವನ್ನು ಕೊಳ್ಳುವಾಗ ನಾಲ್ಕಾಣೆಗೆ ಚೌಕಾಶಿ ಮಾಡಲು ಬಾಯಿ ತಾನಾಗಿಯೇ ಹಿಂಜರಿಯುವುದು.