ಮುಸುಕಿನ ವೀರರೂ ನಮ್ಮ ಮಕ್ಕಳೂ

ಮುಂಡಗೋಡ ತಾಲೂಕಿನ ಸನವಳ್ಳಿಯಂತಹ ಊರಿನ ಹುಡುಗನಿಗೂ ಇಂದು ಬ್ಯಾಟ್‌ಮನ್, ಜೋಕರ್, ಡೆಡ್‌ಪೂಲ್ ನೆರೆಮನೆಯವರಷ್ಟೇ ಪರಿಚಿತರು. 1964ರಿಂದ 1990ರವರೆಗೆ ಪ್ರಕಟವಾದ ಇಂದ್ರಜಾಲ ಕಾಮಿಕ್ಸ್‌ನಲ್ಲಿ ಫ್ಯಾಂಟಮ್‌ನ ಸಾಹಸಗಳನ್ನು ಓದಿ ಬೆಳೆದ ತಂದೆತಾಯಿಯರಿಗೆ, ಕಾರ್ಕಳದಲ್ಲಿ ಜನಿಸಿದ ಅನಂತ ಪೈಯವರು 1967ರಲ್ಲಿ ಆರಂಭಿಸಿದ ಅಮರ ಚಿತ್ರಕಥಾ ಮಾಲೆಯಲ್ಲಿ ಯೇಸುಸ್ವಾಮಿಯ ಕಥೆಯನ್ನೂ ಕಂಡವರಿಗೆ, ಮಗನ ಈ ಹುಚ್ಚು ಮೊದಲಿಗೆ ನಿರಪಾಯವೆಂದೇ ತೋರುತ್ತದೆ. ಚಿತ್ರಗಳಿರುವ ಪುಸ್ತಕ ತಾನೇ, ಓದಿಕೊಳ್ಳಲಿ! ಎಂದೋ ಒಂದು ದಿನ ರಕ್ತಸಿಕ್ತ ಪುಟವೊಂದು ಕಣ್ಣಿಗೆ ಬಿದ್ದಾಗ ಅದೇ ತಂದೆ ಪುಸ್ತಕವನ್ನು ಕಿತ್ತೆಸೆಯುತ್ತಾರೆ. ಮೊದಲೂ ಅವರು ಅದನ್ನು ಓದಿರಲಿಲ್ಲ, ಆಮೇಲೂ ಓದುವುದಿಲ್ಲ.

ಕಿತ್ತೆಸೆಯುವ ಮಾರ್ಗವನ್ನು ಕಥೋಲಿಕರು ಹಿಂದೆಯೇ ಪರೀಕ್ಷಿಸಿ ನೋಡಿದ್ದಾರೆ. 1948ರ ಡಿಸೆಂಬರಿನಲ್ಲಿ ಅಮೆರಿಕದ ಬಿಂಗ್‌ಹ್ಯಾಮ್ಟನ್ ನಗರದ ಕಥೋಲಿಕ ಶಾಲೆಯೊಂದರ ವಿದ್ಯಾರ್ಥಿಗಳು ಮನೆಮನೆ ತಿರುಗಿ ಸಂಗ್ರಹಿಸಿದ ಸುಮಾರು 2000 ಕಾಮಿಕ್ಸ್ ಪುಸ್ತಕಗಳನ್ನು ರಾಶಿ ಹಾಕಿ ಸುಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಅವರು, ಬಾಲಾಪರಾಧಗಳಿಗೆ ಕಾಮಿಕ್ಸ್ ಪ್ರೇರಣೆಯೆಂದು ಗ್ರಂಥವನ್ನೇ ಬರೆದರು. ಅದೇ ವರ್ಷ ಪ್ರಕಾಶಕರು ತಮಗೆ ತಾವೇ ಒಂದು ಸಂಹಿತೆಯನ್ನು ವಿಧಿಸಿಕೊಂಡರು. ವರ್ಥಮ್ ಅವರು ತಮ್ಮ ಬಳಿ ಬಂದ ಮಕ್ಕಳ ಹೇಳಿಕೆಗಳನ್ನು ತಮ್ಮ ವಾದಕ್ಕೆ ಹೊಂದುವಂತೆ ತಿದ್ದಿದ್ದರೆಂಬುದನ್ನು ಅವರ ಕಡತಗಳನ್ನು ಪರಿಶೀಲಿಸಿದ ಕರೋಲ್ ಟಿಲ್ಲಿ ಎಂಬ ವಿದ್ವಾಂಸೆ 2012ರಲ್ಲಿ ಬಯಲಿಗೆಳೆದರು. ಸಂಹಿತೆಯಾದರೋ ಅದಕ್ಕೆ ಮೊದಲೇ, 2011ರಲ್ಲಿ, ಕೊನೆಯ ಪ್ರಕಾಶಕರೂ ಕೈಬಿಟ್ಟು ಅಸ್ತಂಗತವಾಗಿತ್ತು.

ಹಾಗೆಂದು ಈ ಪುಸ್ತಕಗಳೆಲ್ಲ ಮಕ್ಕಳಿಗೆ ತಕ್ಕವೆಂದಲ್ಲ. 1986-87ರಲ್ಲಿ 12 ಕಂತುಗಳಲ್ಲಿ ಪ್ರಕಟವಾದ ‘ವಾಚ್‌ಮೆನ್’ ಅನ್ನು ಅಲನ್ ಮೂರ್ ಬರೆದದ್ದು, ಡೇವ್ ಗಿಬ್ಬನ್ಸ್ ಚಿತ್ರಿಸಿದ್ದು ಬೆಳೆದವರಿಗಾಗಿ. ಅದರಲ್ಲಿ ರೋರ್ಷಾಕ್ ಎಂಬ ಮುಸುಕಿನ ವೀರನೊಬ್ಬನಿದ್ದಾನೆ. ಕಾನೂನನ್ನು ತಾನೇ ಕೈಗೆತ್ತಿಕೊಂಡವನು. ಸುದ್ದಿ ಹೊರಡಿಸಲು ಸಿಕ್ಕವನ ಬೆರಳುಗಳನ್ನು ಒಂದೊಂದಾಗಿ ಮುರಿಯಬಲ್ಲವನು. ಸ್ನಾನವಿಲ್ಲ, ಸ್ನೇಹಿತರಿಲ್ಲ, ಮಮತೆಯಿಲ್ಲ. ಇಂತಹ ಬಾಳು ಎಲ್ಲಿಗೆ ಮುಟ್ಟುತ್ತದೆಂಬ ಎಚ್ಚರಿಕೆಗಾಗಿ ಅವನನ್ನು ಸೃಷ್ಟಿಸಿದುದಾಗಿ ಮೂರ್ ಹೇಳಿದ್ದಾರೆ. ಆದರೆ ಅಭಿಮಾನಿಗಳಲ್ಲಿ ಅನೇಕರಿಗೆ ಅವನೇ ಅಚ್ಚುಮೆಚ್ಚಿನ ನಾಯಕನಾದ. 2009ರಲ್ಲಿ ಚಲನಚಿತ್ರ ಬಂದ ಮೇಲಂತೂ ಈ ಆರಾಧನೆ ಇಮ್ಮಡಿಸಿತು. ಎಚ್ಚರಿಕೆಯ ಫಲಕವನ್ನೇ ದಾರಿ ತೋರುವ ಕೈಮರವೆಂದು ತಿಳಿದಂತಾಯಿತು. ನಮ್ಮ ಆತಂಕವಿರುವುದು ಇಲ್ಲಿ.

ಹಿಂಸೆಯ ಚಿತ್ರವಿದ್ದ ಮಾತ್ರಕ್ಕೆ ಪುಸ್ತಕ ಕೆಟ್ಟದೆನ್ನುವವರು ನಮ್ಮ ದೇವಾಲಯದ ಗೋಡೆಯತ್ತ ಒಮ್ಮೆ ಕಣ್ಣೆತ್ತಿ ನೋಡಬೇಕು. ಶಿಲುಬೆ ಹಾದಿಯ 14 ಸ್ಥಳಗಳು ಸಾಲಾಗಿ ಜೋಡಿಸಿದ ಚಿತ್ರಕಥೆಯಲ್ಲದೆ ಮತ್ತೇನು? ಬಟ್ಟೆ ಸುಲಿಯುವುದು, ಮೊಳೆ ಹೊಡೆಯುವುದು, ತಾಯಿಯ ಮಡಿಲಲ್ಲಿ ಮಗನ ಶವ. ತಪಸ್ಸುಕಾಲದ ಶುಕ್ರವಾರಗಳಂದು ಐದು ವರ್ಷದ ಮಗುವನ್ನೂ ಕೈಹಿಡಿದು ಅದರ ಮುಂದೆ ನಿಲ್ಲಿಸುತ್ತೇವೆ. ಅಲ್ಲಿ ನಮ್ಮ ದೃಷ್ಟಿ ಪೆಟ್ಟು ತಿನ್ನುವವನ ಮೇಲಿರುತ್ತದೆ. ರೋರ್ಷಾಕ್‌ನ ಅಭಿಮಾನಿಯ ದೃಷ್ಟಿ ಪೆಟ್ಟು ಕೊಡುವವನ ಮೇಲೆ.

ಗದ್ದಲವೇಳುವುದು ಮಾತ್ರ ಬೇರೆಯೇ ಕಾರಣಗಳಿಗೆ. ನಾಜಿಗಳ ಯಾತನಾ ಶಿಬಿರದಿಂದ ಬದುಕಿ ಬಂದ ತನ್ನ ತಂದೆಯ ಕಥೆಯನ್ನು ಯಹೂದ್ಯರನ್ನು ಇಲಿಗಳಾಗಿ, ನಾಜಿಗಳನ್ನು ಬೆಕ್ಕುಗಳಾಗಿ ಚಿತ್ರಿಸಿ ಹೇಳಿದ ಆರ್ಟ್ ಸ್ಪೀಗೆಲ್‌ಮನ್‌ರ ‘ಮೌಸ್’ 1992ರಲ್ಲಿ ಪುಲಿಟ್ಜರ್ ಗೌರವ ಪಡೆಯಿತು. 2022ರಲ್ಲಿ ಅಮೆರಿಕದ ಟೆನ್ನೆಸೀ ರಾಜ್ಯದ ಶಾಲಾಮಂಡಳಿಯೊಂದು, ಕೆಲವು ಬೈಗುಳಗಳಿವೆ, ಒಂದು ನಗ್ನ ಚಿತ್ರವಿದೆ ಎಂದು ಅದನ್ನು ಎಂಟನೇ ತರಗತಿಯ ಪಾಠದಿಂದ ತೆಗೆದುಹಾಕಿತು. ನಮ್ಮಲ್ಲಿಯೂ 2025ರಲ್ಲಿ, ಬೆಂಗಳೂರನ್ನೇ ಕಥಾಭೂಮಿಯಾಗುಳ್ಳ ಮಲಯಾಳದ ‘ಲೋಕಾ’ ಚಿತ್ರದಲ್ಲಿ ಪಾತ್ರವೊಂದು ಆ ನಗರದ ಹೆಣ್ಣುಮಕ್ಕಳ ಕುರಿತು ಆಡಿದ ಹೀನ ಮಾತಿಗೆ ಆಕ್ಷೇಪವೆದ್ದು, ನಿರ್ಮಾಪಕರು ಕ್ಷಮೆ ಕೋರಿ ಮಾತನ್ನು ತಿದ್ದಿದರು. ಆಕ್ಷೇಪ ನ್ಯಾಯವಾದದ್ದೇ. ಆದರೆ ಯಕ್ಷಿಯೇ ನಾಯಕಿಯಾದ ಆ ಚಿತ್ರದಲ್ಲಿ ಹರಿಯುವ ರಕ್ತದ ಬಗ್ಗೆ ಮನೆಗಳಲ್ಲಿ ಯಾವ ಮಾತು ನಡೆಯಿತು?

2019ರ ‘ಜೋಕರ್’ ನಮ್ಮ ದೇಶದಲ್ಲಿ ‘ಎ’ ಪ್ರಮಾಣಪತ್ರದೊಡನೆ ತೆರೆಕಂಡಿತು. 2024ರ ನಿಯಮಗಳು ‘ಯು/ಎ’ ವರ್ಗವನ್ನು 7, 13, 16 ವರ್ಷಗಳೆಂದು ವಿಂಗಡಿಸಿವೆ. ಚಿತ್ರಮಂದಿರದ ಬಾಗಿಲಲ್ಲಿ ತಡೆಯುವವರು ಒಬ್ಬರಾದರೂ ಇರುತ್ತಾರೆ. ಮೊಬೈಲ್ ಫೋನಿಗೆ ಮನೆಯವರೇ ಬಾಗಿಲು ಕಾಯಬೇಕು. ಪುಸ್ತಕಕ್ಕಂತೂ ಪ್ರಮಾಣಪತ್ರವೇ ಇಲ್ಲ. ಆದುದರಿಂದ ತಂದೆತಾಯಿಯರು ಮೊದಲು ತಾವು ಓದಲಿ. ಮಗ ಮೆಚ್ಚಿದ ವೀರನಲ್ಲಿ ಮೆಚ್ಚಿದ್ದೇನೆಂದು ಅವನನ್ನೇ ಕೇಳಲಿ. ಹದಿನೈದು ದಾಟಿದವರಿಗೆ ‘ಮೌಸ್’ ಅನ್ನು ಧರ್ಮಕೇಂದ್ರದ ಪುಸ್ತಕದ ಕಪಾಟಿನಲ್ಲಿ ಇಡಲು ನಮ್ಮ ಅಭ್ಯಂತರವಿಲ್ಲ. ‘ವಾಚ್‌ಮೆನ್’ ಇನ್ನೂ ಮೂರು ವರ್ಷ ಕಾಯಬಹುದು.