ತಂದೆಯ ನೆರಳಲ್ಲ, ಒಬ್ಬ ಅಧ್ಯಾಪಕಿ

ಮನೋವಿಶ್ಲೇಷಣೆ ಎಂದೊಡನೆ ನಮಗೆಲ್ಲ ನೆನಪಾಗುವುದು ಸಿಗ್ಮಂಡ್ ಫ್ರಾಯ್ಡರ ಹೆಸರು. ಅವರ ಆರು ಮಕ್ಕಳಲ್ಲಿ ಕಿರಿಯರಾದ ಅನ್ನಾ ಫ್ರಾಯ್ಡ್ (1895–1982) ಅವರನ್ನು 'ತಂದೆಯ ನೆರಳು' ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ವಾಡಿಕೆ. ಈ ವಾಡಿಕೆ ನನಗೆ ಒಪ್ಪಿಗೆಯಿಲ್ಲ.

ಆಕೆ ವೈದ್ಯರಲ್ಲ, ವಿಶ್ವವಿದ್ಯಾನಿಲಯದಲ್ಲಿ ಓದಿದವರೂ ಅಲ್ಲ. 1920ರವರೆಗೆ ವಿಯೆನ್ನಾದ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದವರು. ಮಕ್ಕಳನ್ನು ದಿನವೂ ತಾಳ್ಮೆಯಿಂದ ಗಮನಿಸುವ ಅಧ್ಯಾಪಕವೃತ್ತಿಯ ಅಭ್ಯಾಸವೇ ಆಕೆಯ ಬಂಡವಾಳ.

ಅಹಂನ ರಕ್ಷಣಾತಂತ್ರಗಳನ್ನು ಕುರಿತ ಆಕೆಯ ಪ್ರಸಿದ್ಧ ಗ್ರಂಥ ಪ್ರಕಟವಾದದ್ದು 1936ರಲ್ಲಿ. ಅದರಲ್ಲಿ ಸಹೋದ್ಯೋಗಿ ಆಗಸ್ಟ್ ಐಕ್‌ಹಾರ್ನ್ ಕಂಡ ಒಂದು ಪ್ರಸಂಗ ಬರುತ್ತದೆ. ಮೇಷ್ಟರು ಗದರಿಸಿದಾಗಲೆಲ್ಲ ಒಬ್ಬ ಹುಡುಗ ಮುಖ ಸೊಟ್ಟಗೆ ಮಾಡುತ್ತಿದ್ದ, ತರಗತಿಯೆಲ್ಲ ನಗುತ್ತಿತ್ತು. ಉದ್ಧಟತನವೆಂದೇ ಎಲ್ಲರೂ ತಿಳಿಯಬಹುದಾಗಿತ್ತು. ಇಬ್ಬರನ್ನೂ ಎದುರುಬದುರಾಗಿ ನಿಲ್ಲಿಸಿ ನೋಡಿದಾಗ ಗೊತ್ತಾಯಿತು: ಅದು ಮೇಷ್ಟರ ಕೋಪದ ಮುಖದ್ದೇ ಪ್ರತಿಬಿಂಬ. ಭಯವನ್ನು ತಾಳಲಾರದ ಹುಡುಗ, ತನ್ನನ್ನು ಹೆದರಿಸಿದವರಂತೆ ತಾನೇ ಆಗಿ ಪಾರಾಗುತ್ತಿದ್ದ.

1938ರಲ್ಲಿ ನಾಜಿಗಳು ಆಸ್ಟ್ರಿಯಾವನ್ನು ಆಕ್ರಮಿಸಿದರು. ಗೆಸ್ಟಾಪೊ ಪೋಲೀಸರು ಅನ್ನಾ ಅವರನ್ನು ಒಯ್ದು ವಿಚಾರಣೆ ನಡೆಸಿದರು. ಕುಟುಂಬ ಲಂಡನ್ನಿಗೆ ವಲಸೆ ಹೋಯಿತು. ಅಲ್ಲಿ ಯುದ್ಧಕಾಲದಲ್ಲಿ, ಗೆಳತಿ ಡೊರೊತಿ ಬರ್ಲಿಂಗ್‌ಹ್ಯಾಮ್ ಜೊತೆಗೂಡಿ ಆಕೆ ಹ್ಯಾಂಪ್‌ಸ್ಟೆಡ್‌ನಲ್ಲಿ ಶಿಶುಗೃಹಗಳನ್ನು ನಡೆಸಿದರು. ಬಾಂಬುಗಳ ಸದ್ದಿಗಿಂತಲೂ ತಾಯಿಯ ಅಗಲಿಕೆಯೇ ಎಳೆಯ ಮಕ್ಕಳನ್ನು ಹೆಚ್ಚು ಕಂಗೆಡಿಸುತ್ತದೆಂಬುದು ಅಲ್ಲಿ ಕಂಡುಬಂದ ಸತ್ಯ. ಆದ್ದರಿಂದ ಮಕ್ಕಳನ್ನು ಪುಟ್ಟ ಪುಟ್ಟ 'ಕುಟುಂಬ'ಗಳಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ತಾಯಿಯಂತಹ ಒಬ್ಬ ಪರಿಚಾರಿಕೆಯನ್ನು ನೇಮಿಸಿದರು.

ಅಲ್ಲಿ ಕೆಲಸಮಾಡುವ ಎಲ್ಲರೂ ಮಕ್ಕಳ ಬಗ್ಗೆ ತಾವು ಕಂಡದ್ದನ್ನು ಬರೆದಿಡಬೇಕಾಗಿತ್ತು. ಹಾಗೆ ನೋಡಲು ಕಲಿತವರಲ್ಲಿ ಜೇಮ್ಸ್ ರಾಬರ್ಟ್‌ಸನ್ ಒಬ್ಬರು. ತಾಯಿಯಿಂದ ದೂರವಾಗಿ ಆಸ್ಪತ್ರೆ ಸೇರಿದ ಎರಡು ವರ್ಷದ ಮಗುವನ್ನು ಕುರಿತು ಅವರು 1952ರಲ್ಲಿ ತೋರಿಸಿದ ಚಿತ್ರ ವೈದ್ಯರನ್ನು ಕೆರಳಿಸಿತು. ಆದರೆ 1959ರಲ್ಲಿ ಸರ್ಕಾರಿ ಸಮಿತಿಯೇ, ಆಸ್ಪತ್ರೆಯಲ್ಲಿರುವ ಮಕ್ಕಳನ್ನು ತಂದೆತಾಯಿಗಳು ನೋಡಲು ಅಡ್ಡಿಯಿರಬಾರದೆಂದು ಶಿಫಾರಸು ಮಾಡಿತು.

ಆಕ್ಷೇಪಗಳಿಲ್ಲದಿಲ್ಲ. ಸ್ವಂತ ತಂದೆಯೇ ಮಗಳ ಮನಸ್ಸನ್ನು ವಿಶ್ಲೇಷಿಸಿದ್ದನ್ನು ಇಂದಿನ ವೃತ್ತಿಧರ್ಮ ಒಪ್ಪದು. ಫ್ರಾಯ್ಡರ ಎಷ್ಟೋ ಸಿದ್ಧಾಂತಗಳೂ ಇಂದು ಪ್ರಶ್ನೆಗೆ ಒಳಗಾಗಿವೆ. ಆದರೆ ಸಿದ್ಧಾಂತ ಅಲುಗಾಡಿದರೂ ಅನ್ನಾ ಅವರು ಕಣ್ಣಾರೆ ಕಂಡು ಬರೆದಿಟ್ಟದ್ದು ಸುಳ್ಳಾಗದು. ಆಕೆಯ ನಿಜವಾದ ಕೊಡುಗೆ ಅದೇ ಎಂದು ನನ್ನ ನಂಬಿಕೆ.

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹಲವರು ಈಗ ತಾವೇ ಅಧ್ಯಾಪಕರಾಗಿದ್ದೀರಿ, ತಾಯಿತಂದೆಯರಾಗಿದ್ದೀರಿ. ನಿಮ್ಮೆದುರಿನ ಮಗು ಮುಖ ಸೊಟ್ಟಗೆ ಮಾಡಿದರೆ ಶಿಕ್ಷೆಗೆ ಅವಸರಪಡಬೇಡಿ. ಆ ಕ್ಷಣದಲ್ಲಿ ನಿಮ್ಮ ಮುಖ ಹೇಗಿತ್ತೆಂಬುದನ್ನು ಮೊದಲು ವಿಚಾರಿಸಿಕೊಳ್ಳಿ.