ಬೇಳೆ ಬೇಯದ ಎತ್ತರದಲ್ಲಿ

"ಪಿಯುಸಿ ಮುಗಿಸಿದ ಮಗನನ್ನು ಹಿಮಾಲಯದ ಚಾರಣಕ್ಕೆ ಕಳಿಸಬಹುದೇ ಮೇಷ್ಟ್ರೇ?" ಎಂದು ಪರಿಚಯದ ಪೋಷಕರೊಬ್ಬರು ಕೇಳಿದರು. ಕೈಯಲ್ಲಿ ಕೇದಾರಕಂಠ ಚಾರಣದ ಕರಪತ್ರ. 'ಹೊಸಬರಿಗೆ ಬಲು ಸುಲಭ' ಎಂದು ಅಚ್ಚಾಗಿತ್ತು. ಖಂಡಿತ ಕಳಿಸಿ ಎಂದೆ. ಆದರೆ ಆ 'ಸುಲಭ'ದ ಬಗ್ಗೆ ಎರಡು ಮಾತಿದೆ.

ಕೇದಾರಕಂಠ ಇರುವುದು ಉತ್ತರಾಖಂಡದ ಉತ್ತರಕಾಶಿ ಜಿಲ್ಲೆಯಲ್ಲಿ. (ಕೇದಾರನಾಥ ಬೇರೆ.) ಡೆಹ್ರಾಡೂನಿನಿಂದ ಹಗಲೆಲ್ಲ ವಾಹನದಲ್ಲಿ ಕುಲುಕಾಡಿದರೆ ಸಾಂಕ್ರಿ ಎಂಬ ಹಳ್ಳಿ ಸಿಗುತ್ತದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್ ಅಲ್ಲವೇ? ಸಾಂಕ್ರಿ ಹಳ್ಳಿಯೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿದೆ. ನಮ್ಮ ಬೆಟ್ಟ ಮುಗಿಯುವಲ್ಲಿ ಅಲ್ಲಿಯ ನಡಿಗೆ ಶುರು!

ಹಾದಿಯೇನೋ ನಿಜಕ್ಕೂ ಸುಲಭ. ಪೈನ್, ಓಕ್ ಮರಗಳ ಕಾಡು. ಮೊದಲ ರಾತ್ರಿ ಜೂಡಾ ಕಾ ತಾಲಾಬ್ ಎಂಬ ಕೆರೆಯ ಬಳಿ ಡೇರೆ. ಮರುರಾತ್ರಿ ಸುಮಾರು 3,400 ಮೀಟರಿನ ಬೇಸ್ ಕ್ಯಾಂಪ್. ಮೂರನೆಯ ದಿನ ಕತ್ತಲಲ್ಲೇ ಹೊರಟು ಸುಮಾರು 3,800 ಮೀಟರಿನ ಶಿಖರ.

2019ರ ಡಿಸೆಂಬರಿನಲ್ಲಿ ಹನ್ನೆರಡು ಹುಡುಗರೊಡನೆ ನಾನೂ ಹೋಗಿದ್ದೆ. ಬೇಸ್ ಕ್ಯಾಂಪಿನಲ್ಲಿ ಅಡುಗೆಯವನು ಬೇಳೆಯನ್ನು ಕುಕ್ಕರಿನಲ್ಲಿ ಬೇಯಿಸುತ್ತಿದ್ದ. ಬರಿಯ ಪಾತ್ರೆಯಲ್ಲಿ ಅಲ್ಲಿ ಬೇಳೆ ಬೇಯದು, ಏಕೆಂದರೆ ನೀರು 89 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಚಾಳಿ ಬಿಡಲಾಗದೆ ಪಾಠ ಶುರುಮಾಡಿದೆ. ಗಾಳಿಯಲ್ಲಿ ಆಮ್ಲಜನಕದ ಪಾಲು ಅಲ್ಲಿಯೂ ಶೇ 21ರಷ್ಟೇ. ಆದರೆ ಗಾಳಿಯ ಒತ್ತಡ ಸಮುದ್ರ ಮಟ್ಟದ ಮೂರನೇ ಎರಡರಷ್ಟು ಮಾತ್ರ. ಹಾಗಾಗಿ ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಕಡಿಮೆ. ದೇಹ ಇದಕ್ಕೆ ಹೊಂದಿಕೊಳ್ಳಬಲ್ಲದು, ಸಮಯ ಕೊಡಬೇಕು ಅಷ್ಟೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬೇಡಿ ಎನ್ನುತ್ತಾರೆ ವೈದ್ಯರು. ಹೀಗೆ ಹೇಳುತ್ತಿದ್ದ ನಾನೇ ಕೆರೆಯಿಂದ ಒಂದೇ ದಿನಕ್ಕೆ 600 ಮೀಟರಿಗೂ ಹೆಚ್ಚು ಹತ್ತಿ ಬಂದಿದ್ದೆ!

ಪಾಠ ಕೇಳದೆ ಒಬ್ಬ ಹುಡುಗ ಮೂಲೆಯಲ್ಲಿ ಕೂತಿದ್ದ. ಓಟದಲ್ಲಿ ನಮ್ಮ ತಾಲ್ಲೂಕಿಗೇ ಮೊದಲಿಗ. ತಟ್ಟೆ ಮುಟ್ಟಿರಲಿಲ್ಲ. ಕೇಳಿದರೆ, "ಏನಿಲ್ಲ ಸಾರ್, ಸುಸ್ತು." ರಾತ್ರಿ ಎಂಟಕ್ಕೆ ಡೇರೆಯ ಹೊರಗೆ ವಾಂತಿ ಮಾಡಿಕೊಂಡ. ಮಧ್ಯಾಹ್ನದಿಂದಲೇ ತಲೆ ಸಿಡಿಯುತ್ತಿತ್ತಂತೆ. "ಅಪ್ಪ ಕೈಸಾಲ ಮಾಡಿ ಕಳಿಸಿದ್ದಾರೆ ಸಾರ್. ತುದಿ ಮುಟ್ಟದೆ ಹೇಗೆ ಮನೆಗೆ ಹೋಗಲಿ?"

ತಲೆನೋವು, ವಾಕರಿಕೆ, ಊಟ ಸೇರದಿರುವುದು, ತಲೆಸುತ್ತು: ಇವು ಎತ್ತರದ ಕಾಯಿಲೆಯ ಲಕ್ಷಣಗಳು. ಓಟಗಾರನೆಂದು ಅದು ಯಾರಿಗೂ ರಿಯಾಯಿತಿ ಕೊಡುವುದಿಲ್ಲ. ಇದನ್ನು ಲೆಕ್ಕಿಸದೆ ಹತ್ತಿದರೆ ಶ್ವಾಸಕೋಶದಲ್ಲೋ ಮಿದುಳಿನಲ್ಲೋ ನೀರು ತುಂಬಿ ಜೀವಕ್ಕೇ ಎರವಾಗಬಹುದು. ಲಕ್ಷಣ ಹೆಚ್ಚುತ್ತಿದ್ದರೆ ಕೆಳಗಿಳಿಯುವುದೇ ಮದ್ದು. ಗೈಡ್ ಒಬ್ಬರೊಡನೆ, ಟಾರ್ಚ್ ಬೆಳಕಿನಲ್ಲಿ, ಹುಡುಗನನ್ನು ಕೆರೆಯವರೆಗೆ ಇಳಿಸಿಕೊಂಡು ಬಂದೆವು. ಬೆಳಿಗ್ಗೆ ಅವನೇ ರೊಟ್ಟಿ ಕೇಳಿದ.

ಆ ಪೋಷಕರಿಗೆ ಹೇಳಿದೆ: ಸ್ವೆಟರು, ಬೂಟು ಎಲ್ಲ ಕೊಡಿಸಿ. ಜೊತೆಗೆ ರೈಲು ಹತ್ತಿಸುವಾಗ, "ತಲೆ ನೋಯ್ದರೆ ಮುಚ್ಚಿಡಬೇಡ, ಅರ್ಧದಿಂದ ವಾಪಸು ಬಂದರೂ ನಾವೇನೂ ಅನ್ನುವುದಿಲ್ಲ" ಎಂದು ನಿಮ್ಮ ಬಾಯಿಂದಲೇ ಹೇಳಿ.

"ಹಾಗಾದರೆ ನೀವು ಶಿಖರ ನೋಡಲೇ ಇಲ್ಲವೇ?" ಎಂದರು. ಇಲ್ಲ. ನನ್ನ ಹತ್ತಿರ ಇರುವುದು ಹೆಪ್ಪುಗಟ್ಟಿದ ಆ ಕೆರೆಯ ಫೋಟೋ. ಅದರಲ್ಲಿ ಹುಡುಗ ನಾಲ್ಕನೆಯ ರೊಟ್ಟಿ ಮುರಿಯುತ್ತಿದ್ದಾನೆ.